ಗೋವಾ ಎಂದರೆ ಪೆಚೋರಾ: 72 ಕ್ಷಿಪಣಿ ಗುರುತಿನ ಕಾರ್ಡ್‌ಗಳ ಕನ್ನಡ ಪೆಟ್ಟಿಗೆ ಕೊಡಗಿನ ಮನೆಗೆ ಎಷ್ಟು ತಕ್ಕದ್ದು?

ಸೋವಿಯತ್ ಒಕ್ಕೂಟದ ಮತ್ತು ಆಮೇಲಿನ ರಷ್ಯದ ನೆಲದ, ಹಡಗಿನ ಕ್ಷಿಪಣಿಗಳಿಗೆ ನೇಟೊ (ಅಮೆರಿಕ ಮತ್ತು ಪಶ್ಚಿಮ ದೇಶಗಳ ಸೇನಾ ಕೂಟ) ಕಡೆಯವರು ಇಟ್ಟ ಹೆಸರುಗಳನ್ನು ಕಲಿಸುವ ಕಾರ್ಡ್ ಸೆಟ್ ಒಂದು ಈಗ ಕನ್ನಡದಲ್ಲಿ ಸಿಗುತ್ತಿದೆ. 72 ಕಾರ್ಡ್, ಒಂದು ಗೋಡೆ ಚಾರ್ಟ್, 16 ಪುಟದ ಕಿರುಪುಸ್ತಕ, ಬರೆದುಕೊಳ್ಳಲು 6 ಖಾಲಿ ಕಾರ್ಡ್. ಬೆಲೆ 849 ರೂಪಾಯಿ, ಅಂಚೆ ವೆಚ್ಚ ಬೇರೆ. ಎನ್‌ಸಿಸಿ ಕೆಡೆಟ್‌ಗಳು, ಸೈನಿಕ ಶಾಲೆಯ ಮಕ್ಕಳು, ಎನ್‌ಡಿಎ ಪರೀಕ್ಷೆಗೆ ಕೂತವರು, ಇವರನ್ನು ಗಮನದಲ್ಲಿಟ್ಟು ಮಾಡಿದ ಸಾಮಾನು ಇದು. ಕೊಡಗಿನಲ್ಲಿ ಅಂಥವರಿಗೆ ಕೊರತೆಯಿಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು ಹೂವಿಡುವ ಮನೆಗಳಲ್ಲಿ ಆಯುಧದ ಹೆಸರು ಮಕ್ಕಳಿಗೆ ಹೊಸದೂ ಅಲ್ಲ.

ಮೊದಲೇ ಹೇಳಿಬಿಡುತ್ತೇವೆ: ಕೊಳ್ಳಬಹುದು. ಆದರೆ ಪೆಟ್ಟಿಗೆ ಒಡೆದ ದಿನವೇ ಮಕ್ಕಳ ಕೈಗೆ ಕೊಡಬೇಡಿ. ಐದು ಕಾರ್ಡ್‌ಗಳಲ್ಲಿ ತಪ್ಪಿದೆ, ಪೆನ್ನು ಹಿಡಿದು ತಿದ್ದಬೇಕು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪ್ರತಿ ಕಾರ್ಡಿನಲ್ಲೂ ಎರಡು ಹೆಸರಿವೆ, ನೇಟೊ ಕಡೆಯದು ಮತ್ತು ಸೋವಿಯತ್ ಕಡೆಯದು. ನಮಗೆ ಬೇಕಾದ ಮೂರನೆಯದು, ನಮ್ಮ ಸೇನೆಯಲ್ಲಿ ಕರೆಯುವ ಹೆಸರು, ಇಲ್ಲ. ಆ ಮೂರನೆಯ ಹೆಸರನ್ನು ಬರೆಯದೆ ಹೋದರೆ ಮಗು ಕಲಿತದ್ದು ಮನೆಯ ಹಿರಿಯರಿಗೆ ಅರ್ಥವಾಗುವುದಿಲ್ಲ, ಹಿರಿಯರು ಹೇಳಿದ್ದು ಮಗುವಿಗೆ ಅರ್ಥವಾಗುವುದಿಲ್ಲ.

ಹೆಸರಿನ ಲೆಕ್ಕ ಹೀಗೆ. ಸೋವಿಯತ್ ಒಕ್ಕೂಟ ತನ್ನ ಕ್ಷಿಪಣಿಗಳ ನಿಜವಾದ ಹೆಸರನ್ನು ಹೊರಗೆ ಬಿಡುತ್ತಿರಲಿಲ್ಲ. ಮೇ 1ರ, ನವೆಂಬರ್ 7ರ ಮೆರವಣಿಗೆಯಲ್ಲಿ ಮಾಸ್ಕೋದ ಕೆಂಪು ಚೌಕದಲ್ಲಿ ಸಾಗಿದ್ದನ್ನು ನೋಡಿ, ವಿಮಾನ ಮತ್ತು ಉಪಗ್ರಹಗಳಿಂದ ತೆಗೆದ ಚಿತ್ರ ನೋಡಿ, ಪರೀಕ್ಷಾ ಹಾರಾಟ ಗಮನಿಸಿ ಎದುರಾಳಿಗಳು ತಾವೇ ಒಂದು ಹೆಸರು ಇಡಬೇಕಾಯಿತು. ಸಂಖ್ಯೆ ಕೊಟ್ಟದ್ದು ಅಮೆರಿಕದ ರಕ್ಷಣಾ ಇಲಾಖೆ. ಪದ ಕೊಟ್ಟದ್ದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಈ ಐದು ದೇಶಗಳ ವಾಯುಪಡೆಗಳ ಏರ್ ಸ್ಟ್ಯಾಂಡರ್ಡೈಸೇಶನ್ ಕೋಆರ್ಡಿನೇಟಿಂಗ್ ಕಮಿಟಿ. ನೇಟೊ ಅದನ್ನು ಬಳಕೆಗೆ ತಂದಿತು. ಕಿರುಪುಸ್ತಕ ಎರಡನ್ನೂ ನೇಟೊ ತಲೆಗೇ ಕಟ್ಟಿದೆ. ಸಂಖ್ಯೆಗೊಂದು ಮೂಲ, ಪದಕ್ಕೊಂದು ಮೂಲ ಎಂಬುದು ತಿಳಿದಿದ್ದರೆ ಮುಂದೆ ಬರುವ ಎಷ್ಟೋ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಂಖ್ಯೆಯ ಮುಂದಿನ ಅಕ್ಷರಗಳು ಕ್ಷಿಪಣಿ ಎಲ್ಲಿಂದ ಎಲ್ಲಿಗೆ ಎಂದು ಹೇಳುತ್ತವೆ. ಎಸ್‌ಎಸ್ ಎಂದರೆ ನೆಲದಿಂದ ನೆಲಕ್ಕೆ, ಎಸ್‌ಎ ಎಂದರೆ ನೆಲದಿಂದ ಆಕಾಶಕ್ಕೆ, ಎಟಿ ಎಂದರೆ ಟ್ಯಾಂಕ್ ವಿರೋಧಿ. ನಡುವೆ ಎನ್ ಸೇರಿದರೆ ನೌಕಾಪಡೆಯದ್ದು. ಎಸ್‌ಎಸ್‌ಸಿ ಎಂದರೆ ಕರಾವಳಿಯಲ್ಲಿ ನಿಲ್ಲಿಸುವ ಕ್ರೂಸ್ ಕ್ಷಿಪಣಿ, ಅಂದರೆ ವಿಮಾನದಂತೆ ಹಾರಿಹೋಗುವಂಥದ್ದು. ಎಕ್ಸ್ ಸೇರಿದರೆ ಇನ್ನೂ ಪರೀಕ್ಷೆಯಲ್ಲಿದೆ. ಪದದ ಮೊದಲ ಅಕ್ಷರವೂ ಇದನ್ನೇ ಹೇಳುತ್ತದೆ: ಇಂಗ್ಲಿಷಿನ ಎಸ್‌ನಿಂದ ಶುರುವಾದರೆ ನೆಲದ ಅಥವಾ ನೀರಿನ ಗುರಿಗೆ, ಜಿ ಆದರೆ ವಿಮಾನಕ್ಕೆ. ವಿಮಾನದಿಂದ ಬಿಡುವಂಥವಕ್ಕೆ ಎ ಮತ್ತು ಕೆ ಇವೆ, ಅವು ಈ ಪೆಟ್ಟಿಗೆಯಲ್ಲಿಲ್ಲ.

ಒಂದೇ ಮಾತನ್ನು ಎರಡು ಸಲ ಯಾಕೆ ಹೇಳಬೇಕು ಎಂದು ಕೇಳುವವರು ವೈರ್‌ಲೆಸ್‌ನಲ್ಲಿ ಕಿವಿಯಿಟ್ಟು ಕೇಳಬೇಕು. ಗೊರಗೊರ ಸದ್ದಿನ ನಡುವೆ "ಎಸ್‌ಎ ಆರು" ಮತ್ತು "ಎಸ್‌ಎಸ್ ಆರು" ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತವೆ. ಮೊದಲನೆಯದು ಟ್ಯಾಂಕ್ ದಳದ ಜೊತೆ ಹೋಗುವ ವಿಮಾನ ವಿರೋಧಿ ಕ್ಷಿಪಣಿ. ಎರಡನೆಯದು ಖಂಡ ದಾಟುವ ಆರ್-7, 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಅನ್ನು ಹೊತ್ತೊಯ್ದದ್ದು ಅದರದ್ದೇ ರೂಪ. ಗೇನ್‌ಫುಲ್, ಸ್ಯಾಪ್‌ವುಡ್ ಎಂದರೆ ತಪ್ಪಿ ಕೇಳುವ ಪ್ರಶ್ನೆಯೇ ಇಲ್ಲ. ಕಿವಿಗೆ ಬೇರೆಯಾಗಿ ಬೀಳಲಿ ಎಂಬುದೇ ಪದ ಆರಿಸುವಾಗಿನ ಉದ್ದೇಶ. ಅರ್ಥ ಮುಖ್ಯವಲ್ಲ. ಎಸ್‌ಎಸ್-18ಕ್ಕೆ ಸೇಟನ್ ಎಂದು ಹೆಸರಿದೆಯೆಂದು ರಷ್ಯದವರೇ ತಮ್ಮ ಕ್ಷಿಪಣಿಯನ್ನು ಸೈತಾನ ಎಂದು ಕರೆದರು ಎಂಬಂತೆ ಪತ್ರಿಕೆಗಳಲ್ಲಿ ಬರುವುದುಂಟು. ಅವರು ಹಾಗೆ ಕರೆಯಲಿಲ್ಲ. ಕಿರುಪುಸ್ತಕದ 3ನೇ ಪುಟ ಇದನ್ನು ಸರಿಯಾಗಿ ವಿವರಿಸಿದೆ, ಆ ಪುಟ ನಿಜಕ್ಕೂ ಚೆನ್ನಾಗಿದೆ.

ಈಗ ಕನ್ನಡದ ಮಾತು. ಕಾರ್ಡುಗಳಲ್ಲಿ ಹೆಸರನ್ನು ಕನ್ನಡ ಲಿಪಿಯಲ್ಲಷ್ಟೇ ಅಚ್ಚು ಹಾಕಿ, ಕಿರುಪುಸ್ತಕದಲ್ಲಿ "ಗ ಎಂದರೆ ಆಕಾಶಕ್ಕೆ, ಸ ಎಂದರೆ ನೆಲಕ್ಕೆ" ಎಂದು ಸೂತ್ರ ಕೊಟ್ಟಿದ್ದಾರೆ. ಕೇಳಲು ಚೆಂದ, ನಡೆಯುವುದಿಲ್ಲ. ಶಾಡಕ್, ಶೈಸ್ಟರ್, ಶಿಪ್‌ರೆಕ್ ಇವೆಲ್ಲ ಕನ್ನಡದಲ್ಲಿ ಶಕಾರಕ್ಕೆ ಹೋಗುತ್ತವೆ. ಎಸ್‌ಎ-12ರ ಎರಡು ಕ್ಷಿಪಣಿಗಳಲ್ಲಿ ಗ್ಲಾಡಿಯೇಟರ್ ಗಕಾರದಲ್ಲಿ ಉಳಿದರೆ ಜಯಂಟ್ ಜಕಾರಕ್ಕೆ ಹಾರುತ್ತದೆ, ಒಂದೇ ವ್ಯವಸ್ಥೆಯ ಎರಡು ಬಾಣ ಎರಡು ಗುಂಪಿಗೆ. ಮಕ್ಕಳಿಗೆ ಕಾರ್ಡ್ ವಿಂಗಡಿಸಲು ಕೊಟ್ಟರೆ ಶ, ಜ ಎಂದು ಎರಡು ಸಣ್ಣ ರಾಶಿ ಬೇರೆಯೇ ಬೀಳುತ್ತವೆ. ಕಾರ್ಡಿನ ಬಲಮೂಲೆಯಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರ ಅಚ್ಚು ಹಾಕಿದ್ದರೆ ಸಾಕಿತ್ತು. ನೀವು ಖಾಯಂ ಮಾರ್ಕರ್‌ನಲ್ಲಿ ಬರೆದುಕೊಳ್ಳಿ. ಬಾಲ್ ಪೆನ್ನಿನ ಶಾಯಿ ಲ್ಯಾಮಿನೇಶನ್ ಮೇಲೆ ನಿಲ್ಲುವುದಿಲ್ಲ.

ಉಚ್ಚಾರಣೆಯಲ್ಲಿ ಕೆಲವು ಕಡೆ ಎಡವಿದ್ದಾರೆ. ಎಸ್‌ಎಸ್-20ರ ಹೆಸರು ಸೇಬರ್, ಕತ್ತಿ, ಕಾರ್ಡಿನಲ್ಲಿ "ಸಬೇರ್". ಎಸ್‌ಎಸ್-11 ಸೀಗೊ ಎಂಬ ಹೂವಿನ ಹೆಸರು, ಕಾರ್ಡಿನಲ್ಲಿ "ಸೆಗೊ". ಜಗಳವಾಡುವಷ್ಟು ದೊಡ್ಡದಲ್ಲ. ಆದರೆ ಬಾಯಲ್ಲಿ ಹೇಳಲೆಂದೇ ಹುಟ್ಟಿದ ಹೆಸರುಗಳಿವು ಎಂಬುದನ್ನು ಮರೆಯಬಾರದಿತ್ತು.

ಮೂರನೆಯ ಹೆಸರಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸಲೇಬೇಕು.

ಎದುರಾಳಿಯ ಆಯುಧ ಗುರುತಿಸಲು ಪಶ್ಚಿಮದವರು ಇಟ್ಟ ಹೆಸರುಗಳಿವು. ಆದರೆ ಇದೇ ಆಯುಧಗಳಲ್ಲಿ ಎಷ್ಟೋ ನಮ್ಮ ಸೇನೆಯ ಸ್ವಂತ ಆಯುಧಗಳು. ನಮ್ಮ ವಾಯುಪಡೆಯ ಕ್ಷಿಪಣಿ ದಳಗಳಲ್ಲಿ ವರ್ಷಗಟ್ಟಲೆ ದುಡಿದವರು ಪೆಚೋರಾ ಎನ್ನುತ್ತಾರೆ. ಅದರ ಸೋವಿಯತ್ ಹೆಸರು ಎಸ್-125, ಅವರ ಸ್ವಂತ ಬಳಕೆಗೆ ನೆವಾ, ಹೊರದೇಶಕ್ಕೆ ಮಾರುವಾಗ ಪೆಚೋರಾ. ಎರಡೂ ನದಿಯ ಹೆಸರು. ಕಾರ್ಡಿನಲ್ಲಿ ಇರುವುದು "ಎಸ್‌ಎ-3 ಗೋವಾ, ಎಸ್-125" ಅಷ್ಟೇ. ಮೊಮ್ಮಗ ಗೋವಾ ಎನ್ನುತ್ತಾನೆ, ಅಜ್ಜ ಪೆಚೋರಾ ಎನ್ನುತ್ತಾರೆ, ಇಬ್ಬರೂ ಒಂದೇ ಕ್ಷಿಪಣಿಯ ಮಾತಾಡುತ್ತಿದ್ದಾರೆಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಕೊಡಗಿನಂಥ ಜಿಲ್ಲೆಗೆ ಕಾರ್ಡ್ ಮಾರುವವರು ಮೊದಲು ಯೋಚಿಸಬೇಕಾದ್ದು ಇದನ್ನೇ.

ಆದ್ದರಿಂದ ಕೆಳಗಿನವನ್ನು ನೀವೇ ಬರೆದುಕೊಳ್ಳಿ. ಎಸ್‌ಎ-2 ಗೈಡ್‌ಲೈನ್ ಕಾರ್ಡಿಗೆ "ದ್ವಿನಾ". ಎಸ್‌ಎ-3ಕ್ಕೆ "ಪೆಚೋರಾ". ಎಸ್‌ಎ-6 ಗೇನ್‌ಫುಲ್‌ಗೆ "ಕ್ವಾದ್ರಾತ್", ಸೋವಿಯತ್ ಸೇನೆಯಲ್ಲಿ ಅದೇ ಕುಬ್. ಎಸ್‌ಎ-8 ಗೆಕೊಗೆ "ಓಸಾ ಎಕೆ". ಎಸ್‌ಎ-13 ಗೋಫರ್‌ಗೆ "ಸ್ಟ್ರೆಲಾ 10". ಎಸ್‌ಎ-21 ಗ್ರೌಲರ್‌ಗೆ "ಎಸ್-400". ಭಾರತ ಇದಕ್ಕೆ 2018ರ ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಟ್ಯಾಂಕ್ ವಿರೋಧಿ ಗುಂಪಿನಲ್ಲಿ ಎಟಿ-3 ಸ್ಯಾಗರ್ "ಮಾಲ್ಯುತ್ಕಾ", ಎಟಿ-5 ಸ್ಪ್ಯಾಂಡ್ರೆಲ್ "ಕಾಂಕೂರ್ಸ್". ಎರಡನೆಯದನ್ನು ಸರ್ಕಾರಿ ಕ್ಷಿಪಣಿ ಕಂಪನಿ ಭಾರತ್ ಡೈನಾಮಿಕ್ಸ್ ನಮ್ಮಲ್ಲೇ ತಯಾರಿಸಿದೆ. ನೌಕಾಪಡೆಯ ಎಸ್‌ಎಸ್-ಎನ್-2 ಸ್ಟಿಕ್ಸ್‌ಗೆ "ಪಿ-15 ಟರ್ಮಿಟ್", ಎಸ್‌ಎಸ್-ಎನ್-25 ಸ್ವಿಚ್‌ಬ್ಲೇಡ್‌ಗೆ "ಉರಾನ್", ಎಸ್‌ಎಸ್-ಎನ್-27 ಸಿಜ್ಲರ್‌ಗೆ "ಕ್ಲಬ್". ಅರ್ಧ ಗಂಟೆಯ ಕೆಲಸ. ಮನೆಯಲ್ಲಿ ಏರ್ ಡಿಫೆನ್ಸ್‌ನಲ್ಲಿದ್ದ ಹಿರಿಯರಿದ್ದರೆ ಅವರನ್ನು ಕೂರಿಸಿಕೊಂಡು ಬರೆಯಿರಿ, ಚಿತ್ರ ತೋರಿಸಿದರೆ ಸಾಕು, ಹೆಸರು ಅವರೇ ಹೇಳುತ್ತಾರೆ.

ಓಸಾ ಬರೆಯುವಾಗ ಎಚ್ಚರ. ರಷ್ಯನ್‌ನಲ್ಲಿ ಓಸಾ ಎಂದರೆ ಕಣಜದ ಹುಳ. ಭೂಸೇನೆಯ ಓಸಾ ಎಕೆ ಆರು ಚಕ್ರದ ವಾಹನ, ವಿಮಾನ ಹೊಡೆಯುವುದು. ನೌಕಾಪಡೆಯ ಓಸಾ ದೋಣಿ ಬೇರೆ. ಅದು ಸೋವಿಯತ್ ಲೆಕ್ಕದಲ್ಲಿ ಪ್ರಾಜೆಕ್ಟ್ 205, ಓಸಾ ಎಂದು ಕರೆದದ್ದು ನೇಟೊ. ಅದರ ಮೇಲಿದ್ದದ್ದು ಸ್ಟಿಕ್ಸ್. ಅಂದರೆ ಒಂದು ಓಸಾ ಸೋವಿಯತ್ ಇಟ್ಟ ಹೆಸರು, ಇನ್ನೊಂದು ಓಸಾ ಎದುರಾಳಿ ಇಟ್ಟ ಹೆಸರು. ಕಿರುಪುಸ್ತಕದಲ್ಲಿ ಇದರ ಸುಳಿವೇ ಇಲ್ಲ.

ತಪ್ಪಿರುವ ಐದು ಕಾರ್ಡುಗಳನ್ನು ಒಂದೊಂದಾಗಿ ನೋಡಬೇಕು, ಯಾಕೆಂದರೆ ತಪ್ಪು ಹುಟ್ಟಿದ ಬಗೆ ತಿಳಿದರೆ ವಿಷಯವೇ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೊದಲನೆಯದು ಸ್ಟಿಕ್ಸ್ ಕಾರ್ಡ್. "ಜೊತೆಗಿರುವ ರೇಡಾರ್: ಫ್ಲಾಟ್ ಫೇಸ್" ಎಂದು ಅಚ್ಚಾಗಿದೆ. ಫ್ಲಾಟ್ ಫೇಸ್ ಎಂಬುದು ಲಾರಿಯ ಮೇಲೆ ಎರಡು ತಟ್ಟೆ ಒಂದರ ಮೇಲೊಂದು ನಿಲ್ಲುವ ನೆಲದ ರೇಡಾರ್, ಕೆಳಮಟ್ಟದಲ್ಲಿ ಹಾರುವ ವಿಮಾನ ಹುಡುಕುವುದು ಅದರ ಕೆಲಸ. ಅದರ ಸೋವಿಯತ್ ಹೆಸರು ಪಿ-15. ಸ್ಟಿಕ್ಸ್ ಕ್ಷಿಪಣಿಯ ಹೆಸರೂ ಪಿ-15. ರೇಡಾರ್‌ಗಳಿಗೂ ಹಡಗಿನ ಕ್ಷಿಪಣಿಗಳಿಗೂ ಅದೇ ಅಕ್ಷರ ಬಳಸಿದ್ದರಿಂದ ಬಂದ ಗೋಜಲು. ಕಾರ್ಡ್ ಬರೆದವರು ಪಿ-15 ಎಂದು ಹುಡುಕಿ ಸಿಕ್ಕಿದ್ದನ್ನು ಸೇರಿಸಿದ್ದಾರೆ. ಓಸಾ ದೋಣಿಯ ರೇಡಾರ್‌ಗೆ ನೇಟೊ ಇಟ್ಟ ಹೆಸರು ಸ್ಕ್ವೇರ್ ಟೈ. ಅದನ್ನು ಬರೆಯಿರಿ. ಪಿ-35 ಎಂಬ ಹೆಸರಿನಲ್ಲೂ ಹೀಗೆಯೇ ಒಂದು ರೇಡಾರ್, ಒಂದು ಕ್ಷಿಪಣಿ ಇವೆ, ಅಲ್ಲಿ ಕಾರ್ಡ್ ಸರಿಯಾಗಿದೆ.

ಎರಡನೆಯದೂ ಸ್ಟಿಕ್ಸ್‌ಗೇ ಸೇರಿದ್ದು, ಅದರ ಜೋಡಿ ಕಾರ್ಡಾದ ದೋಣಿಯ ಚಿತ್ರ. ಅಡಿಬರಹ "1971, ಕರಾಚಿ" ಎಂದಿದೆ. ಚಿತ್ರದಲ್ಲಿರುವುದು ಉದ್ದನೆಯ ಕೊಳವೆಯಂಥ ಕ್ಷಿಪಣಿ ಗೂಡುಗಳ ಓಸಾ-2. ಡಿಸೆಂಬರ್ 4ರ ರಾತ್ರಿ ಐಎನ್‌ಎಸ್ ನಿಪಾತ್, ನಿರ್ಘಾತ್, ವೀರ್ ಹೋದಾಗ ಅವು ಓಸಾ-1, ಗೂಡುಗಳು ಚೌಕ ಪೆಟ್ಟಿಗೆಯಂತೆ ಇರುತ್ತಿದ್ದವು, ದೋಣಿಗೆ ನಾಲ್ಕು. ಓಸಾ-2 ನಮ್ಮ ನೌಕಾಪಡೆಗೆ ಬಂದದ್ದು ಆಮೇಲೆ. ಸ್ಟಿಕ್ಸ್ ಅಂದು ಪಾಕಿಸ್ತಾನದ ಖೈಬರ್ ಎಂಬ ಡಿಸ್ಟ್ರಾಯರ್ ಮತ್ತು ಮುಹಾಫಿಜ್ ಎಂಬ ಮೈನ್‌ಸ್ವೀಪರ್ (ಸಮುದ್ರದ ಸಿಡಿಗುಂಡು ತೆರವು ಮಾಡುವ ಹಡಗು) ಅನ್ನು ಮುಳುಗಿಸಿತು. ನೌಕಾಪಡೆ ದಿನ ಬರುವುದು ಆ ತಾರೀಖಿಗೆ. ನಾಲ್ಕು ವರ್ಷ ಮೊದಲು, 1967ರ ಅಕ್ಟೋಬರ್ 21ರಂದು ಇದೇ ಸ್ಟಿಕ್ಸ್‌ನಿಂದ ಈಜಿಪ್ಟಿನ ಕೊಮಾರ್ ದೋಣಿಗಳು ಇಸ್ರೇಲಿನ ಐಲಾತ್ ಹಡಗನ್ನು ಮುಳುಗಿಸಿದ್ದವು. ಸುಮಾರು 40 ಕಿಲೋಮೀಟರ್ ದೂರದಿಂದ ಹೆಚ್ಚುಕಡಿಮೆ ಅರ್ಧ ಟನ್ ಸಿಡಿತಲೆ ಬಂದು ಬಡಿಯುತ್ತದೆ ಎಂದರೆ ಸಣ್ಣ ದೋಣಿಯ ಎದುರು ದೊಡ್ಡ ಹಡಗಿನ ಧೈರ್ಯ ಯಾಕೆ ಉಡುಗಿತು ಎಂಬುದು ಗೊತ್ತಾಗುತ್ತದೆ. ಈ ವಿವರಗಳನ್ನು ಕಾರ್ಡ್ ಸರಿಯಾಗಿಯೇ ಕೊಟ್ಟಿದೆ, ಚಿತ್ರವಷ್ಟೇ ತಪ್ಪು. ಇನ್ನೂ ಒಂದು ಒಳ್ಳೆಯ ವಿವರ ಅಲ್ಲಿದೆ: ಸ್ಟಿಕ್ಸ್ ಎ ರೆಕ್ಕೆ ಮಡಚುವುದಿಲ್ಲ, ಸ್ಟಿಕ್ಸ್ ಬಿ ರೆಕ್ಕೆ ಮಡಚುತ್ತದೆ, ಸ್ಟಿಕ್ಸ್ ಸಿ ಇನ್ನೂ ದೂರ, ಸುಮಾರು 80 ಕಿಲೋಮೀಟರ್ ಹೋಗುತ್ತದೆ. ಹೆಸರಿನ ಮುಂದೆ ಸೇರುವ ಎ, ಬಿ, ಸಿ ಅಲಂಕಾರಕ್ಕಲ್ಲ ಎಂದು ಮಕ್ಕಳಿಗೆ ಒಂದೇ ಕಾರ್ಡಿನಲ್ಲಿ ತಿಳಿಯುತ್ತದೆ.

ಮೂರನೆಯ ತಪ್ಪು ಎಸ್‌ಎ-5 ಕಾರ್ಡಿನಲ್ಲಿ. ಹೆಸರು ಗ್ಯಾಮನ್ ಎಂದು ಸರಿಯಾಗಿದೆ, ಚಿತ್ರ ಗ್ರಿಫನ್‌ನದು. 1963ರಲ್ಲಿ ಮೆರವಣಿಗೆಯಲ್ಲಿ ದಾಲ್ ಎಂಬ ಕ್ಷಿಪಣಿಯನ್ನು ತೋರಿಸಿದ್ದರು. ಪಶ್ಚಿಮದವರು ಅದಕ್ಕೆ ಗ್ರಿಫನ್ ಎಂದು ಹೆಸರಿಟ್ಟು ಎಸ್‌ಎ-5 ಎಂದು ಎಣಿಸಿದರು. ದಾಲ್ ಸೇವೆಗೆ ಬರಲೇ ಇಲ್ಲ. ಬಂದದ್ದು ಎಸ್-200, ಅದಕ್ಕೆ ಗ್ಯಾಮನ್ ಎಂದರು, ಸಂಖ್ಯೆ ಮಾತ್ರ ಅದೇ ಉಳಿಯಿತು. ನೋಡಿದೊಡನೆ ಗುರುತಿಸಲು: ಎಸ್-200ರ ಹೊಟ್ಟೆಯ ಸುತ್ತ ನಾಲ್ಕು ಬೂಸ್ಟರ್ (ಹೊರಡುವಾಗ ತಳ್ಳುವ ರಾಕೆಟ್) ಕೊಳವೆಗಳು ಅಪ್ಪಿಕೊಂಡಿರುತ್ತವೆ, ಗ್ರಿಫನ್‌ಗೆ ಬೂಸ್ಟರ್ ಹಿಂಬದಿಯಲ್ಲಿ ಒಂದೇ. ಚಿತ್ರದ ಮೇಲೆ ಗೀಟೆಳೆದು "ಇದು ದಾಲ್" ಎಂದು ಬರೆದುಬಿಡಿ.

ಇದೇ ಜಾತಿಯ ಇನ್ನೊಂದು ತಪ್ಪು ಎಸ್‌ಎಸ್-10 ಸ್ಕ್ರ್ಯಾಗ್‌ನಲ್ಲಿದೆ. "ಸೇವೆಯಲ್ಲಿ: 1965ರಿಂದ" ಎಂದಿದೆ. 1965ರಲ್ಲಿ ಅದನ್ನು ಮೆರವಣಿಗೆಯಲ್ಲಿ ತೋರಿಸಿದ್ದಷ್ಟೇ ನಿಜ, ಸೇವೆಗೆ ಸೇರಲಿಲ್ಲ. ಎದುರಾಳಿ ತೋರಿಸಿದ್ದನ್ನೆಲ್ಲ ಎಣಿಸಬೇಕು, ಎಣಿಸಿದ್ದೆಲ್ಲ ನಿಜವಾಗಿರುವುದಿಲ್ಲ, ಆದರೂ ಎಣಿಸದೆ ಬಿಡುವಂತಿಲ್ಲ. ಈ ಹೆಸರುಗಳ ಇಡೀ ಪಟ್ಟಿ ನಿಂತಿರುವುದೇ ಆ ಇಕ್ಕಟ್ಟಿನ ಮೇಲೆ. ಸಂಖ್ಯೆಗಳ ನಡುವೆ ಕಾಣುವ ಎಷ್ಟೋ ವಿಚಿತ್ರಗಳ ಮೂಲ ಅಲ್ಲಿದೆ. ಎಸ್‌ಎಸ್-ಎನ್-5ನ್ನು ಕೆಲವರು ಸಾರ್ಕ್ ಎಂದೂ ಕೆಲವರು ಸರ್ಬ್ ಎಂದೂ ಬರೆಯುವುದು ಹಾಗೆಯೇ.

ಐದನೆಯದು ಗಂಭೀರ. ಎಸ್‌ಎಸ್-ಎನ್-22 ಸನ್‌ಬರ್ನ್ ಕಾರ್ಡಿನಲ್ಲಿ ಎಸ್‌ಎಸ್-ಎನ್-26 ಸ್ಟ್ರೊಬೈಲ್ ಚಿತ್ರವಿದೆ. ಎಸ್‌ಎಸ್-ಎನ್-26 ಕಾರ್ಡಿನಲ್ಲೂ ಅದೇ ಚಿತ್ರ, ಜೊತೆಗೆ "ಬ್ರಹ್ಮೋಸ್" ಎಂದು ಬರೆದಿದೆ. ಸನ್‌ಬರ್ನ್ ಎಂದರೆ ಮಾಸ್ಕಿಟ್. ಅದರ ಮೂಗು ಚೂಪು, ಗಾಳಿ ಎಳೆಯುವ ನಾಲ್ಕು ಬಾಯಿಗಳು ಮೈಯ ನಡುವೆ ಉಬ್ಬಿಕೊಂಡಿರುತ್ತವೆ. ಸ್ಟ್ರೊಬೈಲ್ ಎಂದರೆ ಓನಿಕ್ಸ್. ಅದರ ಗಾಳಿಬಾಯಿ ಮೂಗಿನಲ್ಲೇ ಉಂಗುರದಂತೆ, ನಡುವೆ ಕೋನಿನಂಥ ತುದಿ. ಎರಡನ್ನು ಪಕ್ಕಪಕ್ಕ ಇಟ್ಟರೆ ಮಗುವೂ ಹೇಳುತ್ತದೆ. ಬ್ರಹ್ಮೋಸ್ ಓನಿಕ್ಸ್‌ನ ವಂಶದ್ದು, ಹೊರನೋಟವೂ ಹತ್ತಿರ, ಆದರೆ ಅದು ಭಾರತ ಮತ್ತು ರಷ್ಯ ಸೇರಿ ಮಾಡಿದ್ದು, 2001ರ ಜೂನ್ 12ರಂದು ಮೊದಲ ಬಾರಿ ಹಾರಿದ್ದು. ಎಸ್‌ಎಸ್-ಎನ್-26 ಎಂಬುದು ಓನಿಕ್ಸ್‌ಗೆ ಕೊಟ್ಟ ಸಂಖ್ಯೆ. ಬ್ರಹ್ಮೋಸ್ ಎಂಬ ಪದವನ್ನು ಆ ಕಾರ್ಡಿನಿಂದ ಅಳಿಸಿ.

ತಪ್ಪು ಇಷ್ಟು ಹೇಳಿದ ಮೇಲೆ ನೆರಳುಚಿತ್ರಗಳ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಾರ್ಡಿನ ಮುಂಬದಿಯ ಕಪ್ಪು ನೆರಳುಚಿತ್ರ ತುಂಬ ಎಚ್ಚರಿಕೆಯಿಂದ ಬರೆದದ್ದು. ಎಲ್ಲವೂ ಒಂದೇ ಅಳತೆಯಲ್ಲಿ, ಪಕ್ಕದಲ್ಲಿ ನಿಂತ ಮನುಷ್ಯನ ಆಕೃತಿಯೊಂದಿಗೆ. 11 ಮೀಟರ್ ಮೀರುವ ಸ್ಕಡ್ ಬಿ ಮತ್ತು 6 ಮೀಟರ್ ಆಸುಪಾಸಿನ ಗೋವಾ ಪಕ್ಕಪಕ್ಕ ಬಂದಾಗ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಗೈಡ್‌ಲೈನ್‌ನ ಹಿಂಬದಿಯ ಬೂಸ್ಟರ್‌ನ ದೊಡ್ಡ ರೆಕ್ಕೆ, ಗೇನ್‌ಫುಲ್‌ನ ಮೈಗೆ ಅಂಟಿದ ನಾಲ್ಕು ಗಾಳಿಕೊಳವೆ, ಗೋವಾದ ಬೂಸ್ಟರ್‌ನ ಆಯತಾಕಾರದ ರೆಕ್ಕೆ, ಒಂದನ್ನೂ ಸವರಿ ಬಿಟ್ಟಿಲ್ಲ. 1960ರ ಮೇ 1ರಂದು ಅಮೆರಿಕದ ಬೇಹುಗಾರಿಕೆಯ ಯು-2 ವಿಮಾನವನ್ನು ಕೆಡವಿದ್ದು ಗೈಡ್‌ಲೈನ್. 1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಅಮೆರಿಕದ ಎಫ್-117 ವಿಮಾನ ಕೆಡವಿದ್ದು ಗೋವಾ. ಈ ಎರಡು ಟಿಪ್ಪಣಿಗಳೂ ಹಿಂಬದಿಯಲ್ಲಿ ಸರಿಯಾಗಿವೆ.

ಗುರುತು ಹಿಡಿಯಲು ನೆರಳುಚಿತ್ರಕ್ಕಿಂತ ಸುಲಭದ ದಾರಿ ಉಡಾವಣಾ ವಾಹನದ ಮೇಲಿನ ಕ್ಷಿಪಣಿಗಳನ್ನು ಎಣಿಸುವುದು. ಇದಕ್ಕೆ ಕಿರುಪುಸ್ತಕ ಒಂದು ಪುಟ ಕೊಟ್ಟಿದೆ, ಅದನ್ನು ಮೊದಲು ಓದಿಸಿ. ಒಂದೇ ಹಳಿ, ಒಂದೇ ದೊಡ್ಡ ಕ್ಷಿಪಣಿ: ಗೈಡ್‌ಲೈನ್. ಪಟ್ಟಾಗಾಡಿಯ (ಟ್ಯಾಂಕಿನಂತೆ ಪಟ್ಟಿಯ ಮೇಲೆ ಓಡುವ ಗಾಡಿಯ) ಮೇಲೆ ದಪ್ಪನೆಯ ಎರಡು: ಗಾನೆಫ್. ಪಟ್ಟಾಗಾಡಿಯ ಮೇಲೆ ಮೂರು: ಗೇನ್‌ಫುಲ್, ಇದರಲ್ಲಿ ಎರಡನೇ ಮಾತಿಲ್ಲ. ನಾಲ್ಕು ಬಂದಾಗ ತೊಡಕು ಶುರು. ನೆಲದಲ್ಲಿ ನೆಟ್ಟ ಕಟ್ಟಿನ ಮೇಲೆ ನಾಲ್ಕಾದರೆ ಗೋವಾ, ಅದಕ್ಕೆ ಎರಡು ಹಳಿಯ ಹಳೆಯ ರೂಪವೂ ಉಂಟು. ಪಟ್ಟಾಗಾಡಿಯ ಮೇಲೆ ದೊಡ್ಡ ನಾಲ್ಕು ಬಯಲಿನಲ್ಲಿದ್ದರೆ ಗ್ಯಾಡ್‌ಫ್ಲೈ. ಪಟ್ಟಾಗಾಡಿಯ ಮೇಲೆ ನಾಲ್ಕು ಸಣ್ಣ ಪೆಟ್ಟಿಗೆಯಾದರೆ ಗೋಫರ್. ಅಂಥದೇ ನಾಲ್ಕು ಪೆಟ್ಟಿಗೆ ನಾಲ್ಕು ಚಕ್ರದ ಗಾಡಿಯ ಮೇಲಿದ್ದರೆ ಗ್ಯಾಸ್ಕಿನ್. ಆರು ಚಕ್ರ, ಆರು ಪೆಟ್ಟಿಗೆ, ನಡುವೆ ರೇಡಾರ್ ಅದೇ ವಾಹನದ ಮೇಲೆ: ಗೆಕೊ. ಗೇನ್‌ಫುಲ್‌ಗೆ ರೇಡಾರ್ ಬೇರೆ ಗಾಡಿಯಲ್ಲಿ ಬರುತ್ತದೆ, ಸ್ಟ್ರೇಟ್ ಫ್ಲಶ್ ಎಂದು ಅದಕ್ಕೆ ಹೆಸರು. ಆ ಒಂದು ಗಾಡಿ ಹೋದರೆ ಇಡೀ ಕ್ಷಿಪಣಿ ತುಕಡಿ ಕುರುಡಾಗುತ್ತದೆ. ಗೆಕೊಗೆ ಆ ಭಯ ಕಡಿಮೆ.

ಎಂಟು ಚಕ್ರದ ಲಾರಿಗಳಲ್ಲಿ ಮಕ್ಕಳು ಸ್ಕಡ್ ಮತ್ತು ಫ್ರಾಗ್-7 ಎರಡನ್ನೂ ಅದಲುಬದಲು ಮಾಡುತ್ತಾರೆ. ಸ್ಕಡ್ ವಾಹನದ ಬೆನ್ನಿನೊಳಗೆ ಹುದುಗಿ ಮಲಗಿರುತ್ತದೆ, ಮುಂದೆ ಚಾಲಕನ ಗೂಡು ಎಡಕ್ಕೂ ಬಲಕ್ಕೂ ಸೀಳಿಕೊಂಡಿರುತ್ತದೆ. ಫ್ರಾಗ್ ಹಳಿಯ ಮೇಲೆ ಬಯಲಿನಲ್ಲಿರುತ್ತದೆ. ಫ್ರಾಗ್‌ಗೆ ಸಕಾರದ ಹೆಸರು ಯಾಕಿಲ್ಲ ಎಂದು ಕೇಳಿದರೆ ಉತ್ತರ ಸರಳ: ಅದು ಬಿಟ್ಟ ಮೇಲೆ ದಾರಿ ತಿದ್ದಿಕೊಳ್ಳುವ ಕ್ಷಿಪಣಿ ಅಲ್ಲ, ಬರೀ ರಾಕೆಟ್. ಫ್ರೀ ರಾಕೆಟ್ ಓವರ್ ಗ್ರೌಂಡ್ ಎಂಬುದರ ಮೊದಲಕ್ಷರಗಳೇ ಫ್ರಾಗ್.

ನೌಕಾಪಡೆಯ ಗುಂಪಿನಲ್ಲಿ ಕಲಿಸಲು ಒಳ್ಳೆಯ ಆಟವೊಂದಿದೆ, ಕಿರುಪುಸ್ತಕ ಹೇಳಿಲ್ಲ. ನೆಲದ ಕ್ಷಿಪಣಿಯನ್ನೇ ಹಡಗಿಗೆ ಏರಿಸಿದಾಗ ಪದ ಬದಲಾಗುವುದಿಲ್ಲ, ಸಂಖ್ಯೆ ಬದಲಾಗುತ್ತದೆ. ಎಸ್‌ಎ-3 ಗೋವಾ ಹಡಗಿನಲ್ಲಿ ಎಸ್‌ಎ-ಎನ್-1 ಗೋವಾ. ಎಸ್‌ಎ-8 ಗೆಕೊ ಎಸ್‌ಎ-ಎನ್-4 ಗೆಕೊ. ಎಸ್‌ಎ-10 ಗ್ರಂಬಲ್ ಎಸ್‌ಎ-ಎನ್-6. ಎಸ್‌ಎ-11 ಗ್ಯಾಡ್‌ಫ್ಲೈ ಎಸ್‌ಎ-ಎನ್-7. ಕಾರ್ಡ್ ಮಗುಚಿಟ್ಟು ಜೋಡಿ ಹುಡುಕಿಸಿ. ಒಂಟಿ ಉಳಿಯುವುದು ಎಸ್‌ಎ-ಎನ್-3 ಗಾಬ್ಲೆಟ್, ಅದಕ್ಕೆ ನೆಲದಲ್ಲಿ ಜೋಡಿಯಿಲ್ಲ. 2021ರ ಮೇ 21ರಂದು ನಿವೃತ್ತಿಯಾದ ಐಎನ್‌ಎಸ್ ರಜಪೂತ್‌ನ ಮುಂದೆ ಹಿಂದೆ ಇದ್ದ ಜೋಡಿ ತೋಳಿನ ಲಾಂಚರ್ ಎಸ್‌ಎ-ಎನ್-1 ಗೋವಾದ್ದು. ಗೋದಾವರಿ ವರ್ಗದ ಹಡಗುಗಳಲ್ಲಿದ್ದದ್ದು ಗೆಕೊ. ಅದನ್ನು ಚಿತ್ರದಲ್ಲಿ ಹುಡುಕಿ ಸೋಲುವವರೇ ಹೆಚ್ಚು, ಯಾಕೆಂದರೆ ಲಾಂಚರ್ ಡೆಕ್ಕಿನ ಕೆಳಗೆ ಡ್ರಮ್ಮಿನೊಳಗೆ ಅಡಗಿರುತ್ತದೆ, ಹೊರಗೆ ದುಂಡನೆಯ ಮುಚ್ಚಳವಷ್ಟೇ ಕಾಣುತ್ತದೆ.

ಅಚ್ಚು ಮತ್ತು ಕಾಗದ. ಬೆಂಗಳೂರಿಗೆ ಸಾಕಾದ ಕಾಗದ ಮಡಿಕೇರಿಯ ಜುಲೈಗೆ ಸಾಲದು. ಕಾರ್ಡಿನ ಎರಡೂ ಬದಿಗೆ ಹೊಳಪಿನ ಫಿಲ್ಮ್ ಇದೆ, ಆದರೆ ಅಂಚು ಮುಚ್ಚಿಲ್ಲ. ಕತ್ತರಿಸಿದ ಅಂಚಿನಿಂದ ತೇವ ಒಳಗೆ ಹೋಗಿ ನಡುವಿನ ರಟ್ಟು ಉಬ್ಬುತ್ತದೆ, ಮೂಲೆಯಲ್ಲಿ ಫಿಲ್ಮ್ ಬಿಡುತ್ತದೆ. ಮಳೆಗಾಲಕ್ಕೆ ಮೊದಲೇ ಅಂಚಿಗೆ ತೆಳುವಾಗಿ ಬಣ್ಣವಿಲ್ಲದ ಉಗುರುಬಣ್ಣ ಸವರಿ ಒಣಗಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. 20 ಕಾರ್ಡ್ ಒತ್ತಿ ಹಿಡಿದು ಒಟ್ಟಿಗೆ ಸವರಬಹುದು, ಆದರೆ ಒಣಗುವ ಮೊದಲೇ ಬಿಡಿಸಿ, ಇಲ್ಲದಿದ್ದರೆ ಅಂಟಿಕೊಳ್ಳುತ್ತವೆ. ಜೊತೆಗೆ ಬರುವ ರಟ್ಟಿನ ಪೆಟ್ಟಿಗೆ ಒಂದು ಮಳೆಗಾಲವೂ ಬಾಳುವುದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, 5 ಗ್ರಾಂನ ಎರಡು ಸಿಲಿಕಾ ಜೆಲ್ ಪೊಟ್ಟಣ ಇಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಬಿಸಿಗೆ ಫಿಲ್ಮ್ ಸುರುಳಿಯಾಗುತ್ತದೆ, ಹೊಗೆಗೆ ಹಳದಿಯಾಗುತ್ತದೆ.

ಗೋಡೆ ಚಾರ್ಟ್ ಎಂಟು ಮಡಿಕೆಯಲ್ಲಿ ಬರುತ್ತದೆ. ಮಡಿಕೆಯ ಗೆರೆಯಲ್ಲೇ ಸ್ಕಾರ್ಪ್, ಸೇಟನ್, ಸ್ಟಿಲೆಟೊ ಮೂರರ ಹೆಸರು ಬಿದ್ದು ಶಾಯಿ ಒಡೆದಿದೆ. ಆರ್ಡರ್ ಮಾಡುವಾಗ 120 ರೂಪಾಯಿ ಹೆಚ್ಚು ಕೊಟ್ಟರೆ ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸುತ್ತಾರೆ, ಕೊಟ್ಟುಬಿಡಿ. ಗೋಡೆಗೆ ಅಂಟಿಸಬೇಡಿ, ಮೇಲೆ ಕೆಳಗೆ ಬಿದಿರಿನ ಕಡ್ಡಿ ಕಟ್ಟಿ, ಗೋಡೆಯಿಂದ ಒಂದು ಇಂಚು ಬಿಟ್ಟು ತೂಗುಹಾಕಿ. ಕೊಡಗಿನ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರುತ್ತಲೇ ಇರುತ್ತದೆ. ತೋಟದ ಒಳಗಿನ ವಿಳಾಸವಾದರೆ ಕೊರಿಯರ್ ಬದಲು ಸ್ಪೀಡ್ ಪೋಸ್ಟ್ ಆರಿಸಿ.

ಯಾರಿಗೆ ಕೊಡಬೇಕು ಎಂದರೆ, 8ನೇ ತರಗತಿಯ ಮೇಲಿನವರಿಗೆ. ದಿನಕ್ಕೆ 10 ಕಾರ್ಡಿಗಿಂತ ಹೆಚ್ಚು ಬೇಡ. ಮೊದಲ ವಾರ ವಿಂಗಡಣೆ, ಎರಡನೇ ವಾರ ನೆರಳುಚಿತ್ರ, ಮೂರನೇ ವಾರದಿಂದ ಒಬ್ಬರು ಪದ ಹೇಳಬೇಕು, ಇನ್ನೊಬ್ಬರು ಸಂಖ್ಯೆ, ವಾಹನ, ಅದರ ಮೇಲೆ ಎಷ್ಟು, ರೇಡಾರ್ ಯಾವುದು, ನಮ್ಮಲ್ಲಿ ಅದಕ್ಕೇನು ಹೆಸರು ಎಂದು ಹೇಳಬೇಕು. ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದಲ್ಲಿ ಇದನ್ನೇ ಕೇಳುತ್ತಾರೆಂದು ನಂಬಿ ಕೊಳ್ಳಬೇಡಿ, ಅದು ಬೇರೆಯೇ ಪರೀಕ್ಷೆ. ನೋಡಿದ್ದನ್ನು ನಿಖರವಾಗಿ ಹೇಳುವ ಅಭ್ಯಾಸ ಬೇಕಿದ್ದವರಿಗೆ ಇದು ಕೊಟ್ಟ ದುಡ್ಡಿಗೆ ತಕ್ಕ ಸಾಮಾನು.

ಉಳಿದದ್ದು ಆರು ಖಾಲಿ ಕಾರ್ಡ್. ಎರಡನ್ನು ಚೀನಾಕ್ಕೆ ಮೀಸಲಿಡಿ: ಸ್ಟಿಕ್ಸ್‌ನಿಂದ ಹುಟ್ಟಿದ ಸಿಲ್ಕ್‌ವರ್ಮ್, ಅದರ ಸಂಖ್ಯೆ ಸಿಎಸ್‌ಎಸ್‌ಸಿ-2, ಗೈಡ್‌ಲೈನ್‌ನಿಂದ ಹುಟ್ಟಿದ ಎಚ್‌ಕ್ಯೂ-2, ಸಿಎಸ್‌ಎ-1. ಮುಂದಿನ ಸಿ ಎಂದರೆ ಚೀನಾ. ಇನ್ನು ನಾಲ್ಕರಲ್ಲಿ ನಮ್ಮವನ್ನು ಬರೆಯಿರಿ, ಇವಕ್ಕೆ ಗಕಾರವೂ ಇಲ್ಲ ಸಕಾರವೂ ಇಲ್ಲ. ಪೃಥ್ವಿ, 1988ರ ಫೆಬ್ರವರಿ 25ರಂದು ಮೊದಲು ಹಾರಿದ್ದು. ಅದರ ದ್ರವ ಇಂಧನದ ಎಂಜಿನ್‌ಗೆ ತಳಹದಿ, 1970ರ ದಶಕದಲ್ಲಿ ಹೈದರಾಬಾದಿನಲ್ಲಿ ಗೈಡ್‌ಲೈನ್ ಅನ್ನು ಬಿಚ್ಚಿ ಕಲಿತ ಕೆಲಸ. ಆಕಾಶ್, ಗೇನ್‌ಫುಲ್‌ನ ನಾಲ್ಕು ಗಾಳಿಕೊಳವೆಗಳನ್ನು ಈಗಲೂ ಮೈಮೇಲೆ ಹೊತ್ತಿರುವುದು. ಬ್ರಹ್ಮೋಸ್, ಮೂಗಿನಲ್ಲಿ ಗಾಳಿಬಾಯಿ. ನಾಲ್ಕನೆಯದನ್ನು ಖಾಲಿ ಬಿಟ್ಟು ಮನೆಯ ಅಜ್ಜನ ಕೈಗೆ ಕೊಡಿ, ತಾವು ದುಡಿದ ಲಾಂಚರ್‌ನ ಚಿತ್ರವನ್ನು ಅವರೇ ಬಿಡಿಸಲಿ.